ಡೆಲ್ಲಿಯ ಕುರ್ಚಿ ಅಂಗಡಿಗೆ ಇನ್ನೆಷ್ಟು ಪತ್ರ ಬರೆಯೋಣ?

ಪದವಿ ಕಾಲೇಜುಗಳಲ್ಲಿ ವಾಣಿಜ್ಯಶಾಸ್ತ್ರ ಪಾಠ ಹೇಳುವ ನನ್ನಂಥವರಿಗೆ ವರ್ಷಕ್ಕೆ ಎರಡು ಸಲ ಮೌಲ್ಯಮಾಪನ ಕೇಂದ್ರದಲ್ಲಿ ಕೂರುವ ಯೋಗ. ಬಿ.ಕಾಂ. ಹುಡುಗ ಹುಡುಗಿಯರು ಬರೆದ 'ಬಿಸಿನೆಸ್ ಕಮ್ಯುನಿಕೇಶನ್' ಉತ್ತರಪತ್ರಿಕೆಗಳ ಕಟ್ಟು ನನ್ನ ಮುಂದೆ ಬಂದು ಬೀಳತೊಡಗಿ ಹದಿನೆಂಟು ವರ್ಷಗಳಾದವು. ಈ ಹದಿನೆಂಟು ವರ್ಷಗಳಲ್ಲಿ ನಾನು ಓದಿದ್ದು ಹೆಚ್ಚುಕಡಿಮೆ ಒಂದೇ ಪತ್ರ. ಡೆಲ್ಲಿಯಲ್ಲೋ ಮುಂಬೈಯಲ್ಲೋ ಇರುವ ಕುರ್ಚಿ ಮೇಜುಗಳ ಕಂಪೆನಿಯೊಂದಕ್ಕೆ ಗಿರಾಕಿಯೊಬ್ಬ ದೂರು ಬರೆಯುತ್ತಾನೆ. ತರಿಸಿಕೊಂಡ ನಲವತ್ತು ಕುರ್ಚಿಗಳಲ್ಲಿ ಆರು ಕುರ್ಚಿಗಳು ದಾರಿಯಲ್ಲಿ ಮುರಿದಿವೆ. ದಯವಿಟ್ಟು ಬದಲಿ ಕಳಿಸಬೇಕು, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ, ಇಂತಿ ತಮ್ಮ ವಿಶ್ವಾಸಿ.

ಕುರ್ಚಿ ಮುರಿಸಿಕೊಂಡವನೇ ಕ್ಷಮೆ ಕೇಳುವುದು ಯಾವ ನ್ಯಾಯ ಎಂದು ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ. ಕುರ್ಚಿಯ ಬೆಲೆ ಎಷ್ಟು, ಬಿಲ್ಲಿನ ಸಂಖ್ಯೆ ಏನು, ಮುರಿದದ್ದಕ್ಕೆ ಸಾಕ್ಷಿ ಯಾವುದು, ಬದಲಿ ಬಾರದಿದ್ದರೆ ಮುಂದೇನು ಮಾಡುತ್ತೇನೆ, ಇದೊಂದೂ ಪತ್ರದಲ್ಲಿ ಇರುವುದಿಲ್ಲ. ಇರಬೇಕಾಗಿಯೂ ಇಲ್ಲ. ಎಡಗಡೆ ವಿಳಾಸ ಬರೆದರೆ ಒಂದು ಅಂಕ, ವಿಷಯ ಎಂದು ಬರೆದು ಅಡಿಗೆರೆ ಎಳೆದರೆ ಒಂದು ಅಂಕ, ಕೊನೆಯ 'ಯುವರ್ಸ್ ಫೇತ್‌ಫುಲಿ'ಗೆ ಇನ್ನೊಂದು. ನಡುವಿನ ಮಾತುಗಳು ಗೈಡಿನಿಂದ ಇಳಿದು ಬಂದವು. ಒಂದು ವರ್ಷ ಗೈಡಿನ ಅಚ್ಚುತಪ್ಪು ಕೂಡ ಮುನ್ನೂರು ಉತ್ತರಪತ್ರಿಕೆಗಳಲ್ಲಿ ಯಥಾವತ್ತಾಗಿ ಮೂಡಿತ್ತು. ನಾವು ಮೌಲ್ಯಮಾಪಕರು ಚಹಾ ಕುಡಿಯುತ್ತ ನಕ್ಕೆವು, ಅಂಕ ಹಾಕಿದೆವು.

ನಗು ನಿಂತದ್ದು 2025ರ ಜುಲೈಯಲ್ಲಿ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯವರು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದ ಸಂಗತಿ ಓದುಗರಿಗೆ ನೆನಪಿರಬಹುದು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದ್ದು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ಕಾನೂನು. ಹಾಲು, ತರಕಾರಿ, ಚಹಾ, ಬೇಕರಿ ತಿಂಡಿ ಮಾರುವವರ ಮೊಬೈಲಿಗೆ ನಾಲ್ಕು ವರ್ಷಗಳಲ್ಲಿ ಹನಿಹನಿಯಾಗಿ ಬಂದ ಹಣ ಕಾಗದದ ಮೇಲೆ ಒಟ್ಟಾದಾಗ ಲಕ್ಷಗಳ ಲೆಕ್ಕವಾಗಿ ಕಾಣಿಸಿತು. ಅಂಗಡಿಯವರು ಕ್ಯೂಆರ್ ಚೀಟಿಗಳನ್ನು ಕಿತ್ತು 'ನಗದು ಮಾತ್ರ' ಎಂದು ಬರೆದು ಅಂಟಿಸಿದರು. ಬಂದ್ ಮಾಡುತ್ತೇವೆ ಎಂದರು. ಕೊನೆಗೆ ಮುಖ್ಯಮಂತ್ರಿಗಳೇ ವರ್ತಕರ ಪ್ರತಿನಿಧಿಗಳನ್ನು ಕರೆಸಿ ಮಾತನಾಡಬೇಕಾಯಿತು. ತೆರಿಗೆಯ ಸರಿ ತಪ್ಪಿನ ಚರ್ಚೆ ಆಗ ಬೇಕಾದಷ್ಟು ನಡೆಯಿತು. ನಾನು ಹೇಳಹೊರಟಿರುವುದು ಆ ಚರ್ಚೆಯಲ್ಲಿ ಯಾರೂ ಎತ್ತದ ಒಂದು ಮಾತು.

ಕರಾವಳಿಯ ನಮ್ಮ ಸಣ್ಣ ಊರಿನಲ್ಲಿ ಅಂಗಡಿ ಇಟ್ಟಿರುವ ಬ್ಯಾರಿಯೊಬ್ಬರು ಅಂಥದೊಂದು ನೋಟೀಸು ಹಿಡಿದುಕೊಂಡು ಸಂಜೆ ನಮ್ಮ ಮನೆಗೆ ಬಂದರು. "ಇದು ಎಂತದ್ದು ಅಂತ ಒಮ್ಮೆ ನೋಡಿ ಹೇಳಿ ಮಾಷ್ಟ್ರೆ. ಏಜೆಂಟನ ಹತ್ರ ಹೋದ್ರೆ ಉತ್ತರ ಬರೆದು ಕೊಡ್ಲಿಕ್ಕೆ ಐದು ಸಾವಿರ ಕೇಳ್ತಾನೆ." ಜೊತೆಯಲ್ಲಿ ಅವರ ಮಗಳಿದ್ದಳು, ನಮ್ಮದೇ ಕಾಲೇಜಿನ ಅಂತಿಮ ಬಿ.ಕಾಂ. ಬಿಸಿನೆಸ್ ಕಮ್ಯುನಿಕೇಶನ್‌ನಲ್ಲಿ ನೂರಕ್ಕೆ ಎಂಬತ್ತನಾಲ್ಕು ತೆಗೆದವಳು. ನೀನೇ ಬರಿ, ನಾನು ನೋಡುತ್ತೇನೆ ಎಂದೆ. ಅವಳು ಕಾಗದ ತೆಗೆದು ಎಡಗಡೆ ವಿಳಾಸ ಬರೆದಳು. ವಿಷಯ ಬರೆದು ಅಡಿಗೆರೆ ಎಳೆದಳು. 'ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದಿ ಅಬೌವ್ ಸಬ್ಜೆಕ್ಟ್' ಎಂದು ಶುರುಮಾಡಿ ತಮ್ಮ ಘನ ಅವಗಾಹನೆಯವರೆಗೆ ಬಂದಳು. ಅಲ್ಲಿಗೆ ಪೆನ್ನು ನಿಂತಿತು. "ಮುಂದೆ ಎಂತ ಬರೀಬೇಕು ಸರ್?"

ಎಂಬತ್ತನಾಲ್ಕರಲ್ಲಿ ಒಂದಷ್ಟು ಅಂಕ ನಾನೇ ಹಾಕಿದ್ದಿರಬಹುದು.

ಆಗ ಮಾತನಾಡಿದವರು ಏಳನೇ ತರಗತಿಗೆ ಶಾಲೆ ಬಿಟ್ಟ ಅವಳ ತಂದೆ. ಅಂಗಡಿಯ ವ್ಯಾಪಾರದಲ್ಲಿ ಮುಕ್ಕಾಲು ಪಾಲು ಹಾಲು, ಮೊಟ್ಟೆ, ತರಕಾರಿ. ಬಿಸ್ಕತ್ತು ಸಾಬೂನು ಕಾಲು ಪಾಲೂ ಇಲ್ಲ. ಪಕ್ಕದಲ್ಲಿ ಕೂರುವ ಮೀನು ಮಾರುವ ಹೆಂಗಸಿನ ಫೋನು ಕೆಟ್ಟಾಗ ಎರಡು ತಿಂಗಳು ಅವಳ ಗಿರಾಕಿಗಳೂ ಇವರ ಕ್ಯೂಆರ್‌ಗೇ ದುಡ್ಡು ಹಾಕಿದ್ದಾರೆ, ಇವರು ಸಂಜೆ ಅವಳಿಗೆ ನಗದು ಎಣಿಸಿ ಕೊಟ್ಟಿದ್ದಾರೆ. ನೆಂಟರ ಹುಡುಗನೊಬ್ಬನ ಆಪರೇಷನ್ನಿಗೆಂದು ಊರವರು ಒಟ್ಟುಮಾಡಿದ ಹಣವೂ ಬಂದದ್ದು ಇದೇ ಫೋನಿಗೆ, ಮೂರೇ ದಿನಗಳಲ್ಲಿ ಅದು ಆಸ್ಪತ್ರೆಯ ಖಾತೆಗೆ ಹೋಗಿದೆ. ಯಾವ ತಿಂಗಳಲ್ಲಿ, ಯಾರಿಂದ, ಎಷ್ಟು ಎಂಬುದೆಲ್ಲ ಅವರ ಬಾಯಲ್ಲೇ ಇತ್ತು. ಬ್ಯಾರಿ ಭಾಷೆಯಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳಿ ಮಧ್ಯೆ ತುಳುವನ್ನೂ ಎಳೆದುಕೊಂಡ ಆ ಹತ್ತು ನಿಮಿಷದ ಮಾತಿನಲ್ಲಿ ಒಂದು ಒಳ್ಳೆಯ ವ್ಯವಹಾರ ಪತ್ರಕ್ಕೆ ಬೇಕಾದ್ದೆಲ್ಲ ಇತ್ತು. ಹಾಲು, ಮೊಟ್ಟೆ, ತಾಜಾ ತರಕಾರಿ, ಹಸಿ ಮೀನು ಇವೆಲ್ಲ ತೆರಿಗೆಯಿಂದ ಹೊರಗೆ. ಆದ್ದರಿಂದ ಬಂದ ಹಣವನ್ನು ಬೇರೆಬೇರೆ ಮಾಡಿ ತೋರಿಸುವುದೇ ಉತ್ತರ. ಎರಡು ಸಂಜೆ ಕೂತು ಆ ಹುಡುಗಿ ಬ್ಯಾಂಕಿನ ವಿವರಗಳ ಮೇಲೆ ನಾಲ್ಕು ಬಣ್ಣದ ಗೆರೆ ಎಳೆದಳು. ಒಂದೂವರೆ ಪುಟ ಕನ್ನಡದಲ್ಲಿ ಬರೆದಳು. ನಾನು ತಿದ್ದಿದ್ದು ಕಡಿಮೆ. ತಂದೆ ಒಂದೇ ಮಾತು ಸೇರಿಸಿದರು: "ಇನ್ನೊಂದು ಪ್ರತಿ ಮಾಡಿ ಅದಕ್ಕೆ ಸೀಲು ಹಾಕಿಸಿಕೊಂಡು ಬಾ. ಸೀಲಿಲ್ಲದ ಕಾಗದ ಕೊಟ್ಟದ್ದೂ ಒಂದೇ, ಕೊಡದಿದ್ದದ್ದೂ ಒಂದೇ."

ಸ್ವೀಕೃತಿಯ ಸೀಲಿನ ಬಗ್ಗೆ ನಮ್ಮ ಪಠ್ಯದಲ್ಲಿ ಒಂದು ಸಾಲೂ ಇಲ್ಲ. ಹಾಗಾದರೆ ಪಠ್ಯದಲ್ಲಿ ಏನಿದೆ? ಸಂವಹನದ ವ್ಯಾಖ್ಯಾನಗಳಿವೆ. ಕಳಿಸುವವನು, ಪಡೆಯುವವನು, ನಡುವೆ ಗದ್ದಲ ಎಂದು ಬಾಣದ ಗುರುತು ಹಾಕಿದ ಚಿತ್ರವಿದೆ. ಸಂವಹನದ ಅಡೆತಡೆಗಳೆಂಬ ಪಟ್ಟಿ ಇದೆ. ಒಳ್ಳೆಯ ಪತ್ರದ ಏಳು 'ಸಿ'ಗಳಿವೆ. ಇಂಗ್ಲಿಷಿನಲ್ಲಿ ಆ ಅಕ್ಷರದಿಂದ ಶುರುವಾಗುತ್ತವೆ ಎಂಬುದಕ್ಕಾಗಿಯೇ ಒಟ್ಟುಗೂಡಿದ ಗುಣಗಳು ಅವು. ಕಚೇರಿಯ ಗಾಳಿಮಾತಿಗೆ ಇಂಗ್ಲಿಷಿನಲ್ಲಿ 'ಗ್ರೇಪ್‌ವೈನ್' ಎನ್ನುತ್ತಾರೆ. ಕನ್ನಡ ಮಾಧ್ಯಮದವರ ಗೈಡೊಂದರಲ್ಲಿ ಅದು 'ದ್ರಾಕ್ಷಿಬಳ್ಳಿ ಸಂವಹನ'ವಾಗಿದೆ. ಗುಸುಗುಸು, ಪಿಸುಮಾತು, ಗಾಳಿಸುದ್ದಿ ಎಂಬ ಶಬ್ದಗಳನ್ನು ಮನೆಯಲ್ಲಿ ದಿನವೂ ಕೇಳುವ ಹುಡುಗ ಪರೀಕ್ಷೆಗಾಗಿ ದ್ರಾಕ್ಷಿಬಳ್ಳಿಯ ನಾಲ್ಕು ವಿಧಗಳನ್ನು ಬಾಯಿಪಾಠ ಮಾಡುತ್ತಾನೆ. ಇದು ತಮಾಷೆಯಲ್ಲ. ತನಗೆ ಗೊತ್ತಿರುವುದು ಜ್ಞಾನವಲ್ಲ, ಗೊತ್ತಿಲ್ಲದ್ದೇ ಜ್ಞಾನ ಎಂಬ ಪಾಠವನ್ನು ಅವನು ಹೀಗೆ ಮೊದಲು ಕಲಿಯುತ್ತಾನೆ.

ಪಠ್ಯಕ್ರಮಗಳು ಬದಲಾಗಿಲ್ಲವೇ ಎಂದು ಕೇಳಬಹುದು. ಬೇಕಾದಷ್ಟು ಬದಲಾಗಿವೆ. 2019ರಲ್ಲಿ ಯುಜಿಸಿ 'ಜೀವನ್ ಕೌಶಲ್' ಎಂಬ ಹೆಸರಿನಲ್ಲಿ ಸಂವಹನ ಕೌಶಲ, ವೃತ್ತಿ ಕೌಶಲಗಳ ಪಠ್ಯಕ್ರಮ ಹೊರಡಿಸಿತು. 2021ರಲ್ಲಿ ಕರ್ನಾಟಕ ಎಲ್ಲ ರಾಜ್ಯಗಳಿಗಿಂತ ಮೊದಲು ಹೊಸ ರಾಷ್ಟ್ರೀಯ ಶಿಕ್ಷಣ ನೀತಿಗೆ ಹಾರಿತು. 2024ರಲ್ಲಿ ಹೊಸ ಸರ್ಕಾರ ಅದನ್ನು ಕೈಬಿಟ್ಟು ಮೂರು ವರ್ಷಗಳ ಪದವಿಗೆ ಮರಳಿತು. ಈ ಏಳುಬೀಳುಗಳಲ್ಲಿ ಪತ್ರಿಕೆಗಳ ಹೆಸರು, ಕ್ರೆಡಿಟ್ಟು, ಆಂತರಿಕ ಅಂಕ ಎಲ್ಲವೂ ಅದಲುಬದಲಾದವು. ಮುರಿದ ಕುರ್ಚಿಗಳು ಮಾತ್ರ ಅಲುಗಾಡಲಿಲ್ಲ.

ಅವು ಯಾಕೆ ಅಲುಗಾಡುವುದಿಲ್ಲ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಸರ್ಕಾರಿ ನೌಕರಿಗೆ ಇಂಗ್ಲಿಷು ಕಲಿತವರಿಗೇ ಆದ್ಯತೆ ಎಂದು ಗವರ್ನರ್ ಜನರಲ್ ಹಾರ್ಡಿಂಜ್ ಆಜ್ಞೆ ಹೊರಡಿಸಿದ್ದು 1844ರಲ್ಲಿ. ಅಂದಿನಿಂದ ನಮ್ಮಲ್ಲಿ ಪತ್ರ ಬರೆಯುವ ವಿದ್ಯೆ ಎಂದರೆ ಗುಮಾಸ್ತನ ವಿದ್ಯೆ. ಮೇಲಿನ ಅಧಿಕಾರಿಗೆ ಕೆಳಗಿನವನು ಬಾಗಿ ನಿಂತು ಒಪ್ಪಿಸುವ ವರದಿಯೇ ಅದರ ಮಾದರಿ. 'ಐ ಬೆಗ್ ಟು ಸ್ಟೇಟ್', 'ಕೈಂಡ್ಲಿ ಡೂ ದಿ ನೀಡ್‌ಫುಲ್' ಎಂಬ ಮಾತುಗಳು ಹುಟ್ಟಿದ್ದು ಆ ಬಗ್ಗಿದ ಬೆನ್ನಿನಿಂದ. ತಮಾಷೆಯೆಂದರೆ ಇಂಗ್ಲಿಷರೇ ಈ ಇಂಗ್ಲಿಷನ್ನು ಯಾವಾಗಲೋ ಕಸದ ಬುಟ್ಟಿಗೆ ಎಸೆದಿದ್ದಾರೆ. ಬ್ರಿಟನ್ನಿನ ಖಜಾನೆ ಇಲಾಖೆ ತನ್ನ ನೌಕರರ ಬರವಣಿಗೆ ತಿದ್ದಲೆಂದು ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿಯಿಂದ 'ಪ್ಲೇನ್ ವರ್ಡ್ಸ್' ಎಂಬ ಪುಸ್ತಕ ಬರೆಸಿದ್ದು 1948ರಲ್ಲಿ. 1979ರಲ್ಲಿ ಕ್ರಿಸ್ಸಿ ಮೇಹರ್ ಎಂಬ ಮಹಿಳೆ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ಅರ್ಥವಾಗದ ಸರ್ಕಾರಿ ಫಾರಂಗಳನ್ನು ಸಾರ್ವಜನಿಕವಾಗಿ ಚೂರುಚೂರು ಮಾಡಿ ಸರಳ ಇಂಗ್ಲಿಷಿನ ಚಳವಳಿ ಶುರುಮಾಡಿದರು. ಆಕೆ ಕಾಲೇಜು ಪಂಡಿತೆಯಲ್ಲ, ಲಿವರ್‌ಪೂಲಿನ ಬಡವರ ಕೇರಿಯಿಂದ ಬಂದವರು. ಅಮೆರಿಕದ ಸರ್ಕಾರಿ ಕಚೇರಿಗಳು ಜನರಿಗೆ ತಿಳಿಯುವಂತೆ ಬರೆಯಬೇಕು ಎಂಬ ಕಾನೂನು 2010ರಲ್ಲಿ ಬಂತು. ಅವರು ಬಿಸುಟ ಹಳೆಯ ಕೋಟನ್ನು ನಾವು ಇಸ್ತ್ರಿ ಮಾಡಿ ನಮ್ಮ ಮಕ್ಕಳಿಗೆ ತೊಡಿಸುತ್ತಿದ್ದೇವೆ. ಅದನ್ನೇ ವೃತ್ತಿಪರತೆ ಎನ್ನುತ್ತಿದ್ದೇವೆ.

ಕನ್ನಡದಲ್ಲಿ ವ್ಯವಹಾರದ ಬರವಣಿಗೆ ಇರಲಿಲ್ಲವೇ? ಸರ್ಕಾರಿ ಫೈಲಿಗೆ ನಾವು ಈಗ ಕಡತ ಎನ್ನುತ್ತೇವೆ. ಕಡತ ಎಂದರೆ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಲಿನ ಕಪ್ಪು ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬಿಳಿಯ ಅಕ್ಷರಗಳಲ್ಲಿ ಬರೆಯುತ್ತಿದ್ದ ಪುಸ್ತಕ. ವ್ಯಾಪಾರಿಗಳೂ ಮಠಗಳವರೂ ಲೆಕ್ಕಪತ್ರ ಇಡುತ್ತಿದ್ದುದು ಅದರಲ್ಲಿ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದವರು ತಾವು ಬಿಟ್ಟುಕೊಟ್ಟ ತೆರಿಗೆ ಮತ್ತು ದಾನಗಳ ವಿವರವನ್ನು ಕನ್ನಡ ಶಾಸನಗಳಲ್ಲಿ ಕಲ್ಲಿನ ಮೇಲೆ ಬರೆಸಿದ್ದಾರೆ. ಇಂದಿಗೂ ಮಂಡಿಯಲ್ಲಿ, ಬ್ಯಾಂಕಿನಲ್ಲಿ, ತಾಲೂಕು ಕಚೇರಿಯಲ್ಲಿ ನಮ್ಮ ನಾಲಗೆಯ ಮೇಲೆ ಆಡುವ ಶಬ್ದಗಳನ್ನು ನೋಡಿ. ಅರ್ಜಿ, ಬಾಕಿ, ವಸೂಲಿ, ಜಮಾ, ಖರ್ಚು, ಕರಾರು, ಜಾಮೀನು, ರಶೀದಿ, ದಸ್ತಾವೇಜು, ತಗಾದೆ, ದಲ್ಲಾಳಿ, ಹಮಾಲಿ. ಬಹಮನಿ, ಬಿಜಾಪುರ, ಮೈಸೂರು ಎಂದು ಹಲವು ಆಡಳಿತಗಳ ಕಾಲದಲ್ಲಿ ಅರಬ್ಬಿ ಪಾರಸಿಗಳಿಂದ ಬಂದು ಕನ್ನಡದ ಮನೆಯವೇ ಆಗಿಹೋದ ಶಬ್ದಗಳು ಇವು. ಬಂದಾಗ ಇವನ್ನು ಯಾರೂ ಬಾಯಿಪಾಠ ಮಾಡಿಸಲಿಲ್ಲ. ಕೊಡುವ ತೆಗೆದುಕೊಳ್ಳುವ ವ್ಯವಹಾರವೇ ಅವನ್ನು ಕಲಿಸಿತು. ಇಷ್ಟು ಶ್ರೀಮಂತವಾದ ವ್ಯವಹಾರದ ನುಡಿ ಇರುವ ನಾಡಿನಲ್ಲಿ ವಾಣಿಜ್ಯ ಪದವೀಧರನೊಬ್ಬ ತಗಾದೆ ಪತ್ರ ಎಂದರೇನು ಎಂದು ಕೇಳುತ್ತಾನೆ. 'ಕಲೆಕ್ಷನ್ ಲೆಟರ್' ಎಂದರೆ ಮಾತ್ರ ಅವನಿಗೆ ಐದು ಅಂಕದ ಪ್ರಶ್ನೆ ನೆನಪಾಗುತ್ತದೆ.

ತಪ್ಪು ವಾಣಿಜ್ಯ ವಿಭಾಗದ್ದು ಮಾತ್ರವಲ್ಲ. ಬಿ.ಕಾಂ. ವಿದ್ಯಾರ್ಥಿ ಭಾಷಾ ವಿಷಯವಾಗಿ ಕನ್ನಡವನ್ನೂ ಓದುತ್ತಾನೆ. ಅಲ್ಲಿ ವಚನವಿದೆ, ಕತೆಯಿದೆ, ಪ್ರಬಂಧವಿದೆ. ಇರಲಿ, ಬೇಡವೆನ್ನುವುದಿಲ್ಲ. ಆದರೆ ಕನ್ನಡ ವಿಭಾಗದ ಗೆಳೆಯರಿಗೆ ಅರ್ಜಿ ಸಾಹಿತ್ಯವಲ್ಲ. ವಾಣಿಜ್ಯ ವಿಭಾಗದವರಿಗೆ ಕನ್ನಡ ವಾಣಿಜ್ಯವಲ್ಲ. ಈ ಇಬ್ಬರ ನಡುವಿನ ಬೇಲಿಯ ಮೇಲೆ ನಮ್ಮ ವಿದ್ಯಾರ್ಥಿ ಕೂತಿದ್ದಾನೆ. ಕನ್ನಡ ಆಡಳಿತ ಭಾಷೆ ಎಂದು ಕಾನೂನಾದದ್ದು 1963ರಲ್ಲಿ. ಅರವತ್ತು ವರ್ಷ ಕಳೆದ ಮೇಲೆ ಕಚೇರಿಗಳಲ್ಲಿ ಬೆಳೆದು ನಿಂತಿರುವ ಕನ್ನಡ ಎಂಥದ್ದು? 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖಿತ ಪತ್ರದಲ್ಲಿ ಕೋರಿರುವಂತೆ ಪರಿಶೀಲಿಸಲಾಗಿ' ಎಂದು ಶುರುವಾಗಿ ಉಸಿರು ಕಟ್ಟಿಸುವ ಕನ್ನಡ. ಇದೂ ಅದೇ ಗುಮಾಸ್ತನ ಕೋಟು, ಬಟ್ಟೆ ಮಾತ್ರ ಬೇರೆ. ಆದ್ದರಿಂದ ಇಂಗ್ಲಿಷಿನ ಜಾಗದಲ್ಲಿ ಕನ್ನಡವನ್ನು ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ.

ಇನ್ನು ಮೃದು ಕೌಶಲದ ವ್ಯಾಪಾರಿಗಳ ಮಾತು. ವರ್ಷಕ್ಕೊಮ್ಮೆ ಕಾಲೇಜಿಗೆ ಬಂದು ಎರಡು ದಿನಗಳಲ್ಲಿ ವ್ಯಕ್ತಿತ್ವ ವಿಕಸನ ಮಾಡಿಸಿ ಹೋಗುವವರು ಇವರು. ಟೈ ಕಟ್ಟುವುದು, ಕೈಕುಲುಕುವುದು, ಕಣ್ಣಿಗೆ ಕಣ್ಣಿಟ್ಟು ನೋಡುವುದು. ಬೆಂಗಳೂರಿನ ಕಾಲ್ ಸೆಂಟರುಗಳು ಹಬ್ಬಿದ ದಿನಗಳಲ್ಲಿ ಇವರು ಒಂದು ಶಬ್ದ ತಂದರು, ಎಂ.ಟಿ.ಐ. 'ಮದರ್ ಟಂಗ್ ಇನ್‌ಫ್ಲುಯೆನ್ಸ್', ಅಂದರೆ ತಾಯ್ನುಡಿಯ ಪ್ರಭಾವ. ಇಂಗ್ಲಿಷ್ ಮಾತಿನಲ್ಲಿ ತಾಯಿಯ ನುಡಿ ಕೇಳಿಸಿದರೆ ಅದು ದೋಷ, ಒರೆಸಿ ತೆಗೆಯಬೇಕು. ಉರ್ದು ಮನೆಯಿಂದ ಬಂದವನು, ಬ್ಯಾರಿ ಮನೆಯಿಂದ ಬಂದವಳು, ತುಳು ಕೊಂಕಣಿಯ ಮಕ್ಕಳು, ಉತ್ತರ ಕರ್ನಾಟಕದಿಂದ ಹಾಸ್ಟೆಲಿಗೆ ಬಂದವರು, ಎಲ್ಲರಿಗೂ ಒಂದೇ ರೋಗ, ಒಂದೇ ಔಷಧ. ಮೂರು ನಾಲ್ಕು ಭಾಷೆಗಳಲ್ಲಿ ಗಿರಾಕಿಯನ್ನು ಮಾತನಾಡಿಸಬಲ್ಲ ಹುಡುಗನಿಗೆ ಸಂವಹನ ಕೌಶಲವಿಲ್ಲ ಎನ್ನುವುದಕ್ಕೆ ಎಂಥ ಧೈರ್ಯ ಬೇಕು! ನಮ್ಮ ಊರಿನ ಮೀನು ಮಾರುಕಟ್ಟೆಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಹರಾಜು, ಸಾಲ, ಭರವಸೆ, ಬೆದರಿಕೆ, ರಾಜಿ ಎಲ್ಲವೂ ಐದು ಭಾಷೆಗಳಲ್ಲಿ ನಡೆಯುವುದು ಕೇಳಿಸುತ್ತದೆ. ಈ ತರಬೇತುದಾರರು ಅಲ್ಲಿ ಒಂದು ಬುಟ್ಟಿ ಬಂಗುಡೆ ಕೊಳ್ಳಲಿ, ನೋಡೋಣ.

ಇಲ್ಲಿಗೆ ಬಂದಾಗ ಒಂದು ಗಂಭೀರ ಆಕ್ಷೇಪ ಎದುರಾಗುತ್ತದೆ. ಇದನ್ನು ಆಡುವವರು ದಲಿತರು, ಮುಸ್ಲಿಮರು, ಹಿಂದುಳಿದವರು. 'ನಿಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ, ನಮ್ಮ ಮಕ್ಕಳಿಗೆ ಕನ್ನಡದ ಅರ್ಜಿ ಬರೆಯಲು ಕಲಿಸುತ್ತೀರಾ?' ಉತ್ತರಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಬಂಕಾ ಎಂಬ ಹಳ್ಳಿಯಲ್ಲಿ ದಲಿತರು 2010ರಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟದ್ದನ್ನು ನಕ್ಕು ತಳ್ಳಿಹಾಕುವವನು ನಾನಲ್ಲ. ಇಂಗ್ಲಿಷಿನ ಬಾಗಿಲಲ್ಲಿ ನಿಂತು ಅವಮಾನ ಪಟ್ಟವರಿಗೇ ಅದರ ಬೆಲೆ ಗೊತ್ತು. ನನ್ನ ಕಾಲೇಜಿನ ದಿನಗಳ ಅವಮಾನವೂ ನನಗೆ ಮರೆತಿಲ್ಲ. ನನ್ನ ಮಾತು ಇಷ್ಟೇ. ಈ ಪತ್ರಿಕೆ ಆ ಹುಡುಗಿಗೆ ಇಂಗ್ಲಿಷನ್ನೂ ಕೊಟ್ಟಿಲ್ಲ. ಮೂರು ವರ್ಷ ಓದಿದ ಮೇಲೆ ಅವಳ ಕೈಯಲ್ಲಿ ಉಳಿದದ್ದು ಒಂದು ಮುಕ್ಕಾಲು ವಾಕ್ಯ. ಕನ್ನಡದಲ್ಲಿ ವಿಷಯವನ್ನು ಬಿಡಿಸಿ ಬರೆದ ಮಾರನೆಯ ದಿನ ಅದನ್ನೇ ಇಂಗ್ಲಿಷಿನಲ್ಲಿ ಬರೆದು ತಾ ಎಂದೆ. ತಂದಳು. ವ್ಯಾಕರಣ ಅಲ್ಲಲ್ಲಿ ತಪ್ಪಿತ್ತು, ಆದರೆ ಅದು ಪತ್ರವಾಗಿತ್ತು. ಹೇಳಲು ಏನಾದರೂ ಇದ್ದಾಗ ಇಂಗ್ಲಿಷು ತಾನಾಗಿ ಹಿಂದೆ ಬರುತ್ತದೆ ಎಂದು ಹೇಳುವಷ್ಟು ಮುಗ್ಧ ನಾನಲ್ಲ, ಬೆವರು ಸುರಿಸಬೇಕು. ಆದರೆ ಹೇಳಲು ಏನೂ ಇಲ್ಲದಾಗ ಎಷ್ಟು ಬೆವರು ಸುರಿಸಿದರೂ ಬರುವುದಿಲ್ಲ ಎಂಬುದನ್ನು ಹದಿನೆಂಟು ವರ್ಷದ ಉತ್ತರಪತ್ರಿಕೆಗಳ ಮೇಲೆ ಕೈಯಿಟ್ಟು ಹೇಳಬಲ್ಲೆ.

ಈಗಂತೂ ಇನ್ನೊಂದು ಬಂದಿದೆ. ಮೊಬೈಲಿನಲ್ಲಿ ಚಾಟ್‌ಜಿಪಿಟಿಗೆ ಹೇಳಿದರೆ ಮುರಿದ ಕುರ್ಚಿಯ ಪತ್ರ ಅರೆ ನಿಮಿಷದಲ್ಲಿ ಸಿದ್ಧ. ನಮ್ಮ ಮಾದರಿಗಿಂತ ಎಷ್ಟೋ ಚೆನ್ನಾಗಿ, ಒಂದೂ ತಪ್ಪಿಲ್ಲದೆ. ಅಲ್ಲಿಗೆ ಎಡಗಡೆಯ ವಿಳಾಸ, ಅಡಿಗೆರೆ, ಸವಿನಯಗಳ ಪಾಠ ಮುಗಿಯಿತು. ಆದರೆ ಮೀನು ಮಾರುವ ಹೆಂಗಸಿನ ಫೋನು ಯಾವ ಎರಡು ತಿಂಗಳು ಕೆಟ್ಟಿತ್ತು ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಯಾವುದನ್ನು ಒಪ್ಪಿಕೊಳ್ಳಬೇಕು, ಯಾವುದನ್ನು ಒಪ್ಪಬಾರದು, ಯಾವ ಕಾಗದವನ್ನು ಲಗತ್ತಿಸಬೇಕು, ಯಾರ ಮೇಜಿಗೆ ಹೋಗಬೇಕು, ಇವನ್ನು ಕೇಳಿ ತಿಳಿದು ಯಂತ್ರಕ್ಕೆ ಹೇಳಬೇಕಾದವಳು ಅವಳೇ. ಉಳಿದಿರುವ ವಿದ್ಯೆ ಅದೊಂದೇ. ನಾವು ಕಲಿಸದೆ ಇರುವುದೂ ಅದನ್ನೇ.

ಕಲಿಸಲು ಸಾಮಗ್ರಿ ಎಲ್ಲಿದೆ ಎನ್ನುವವರಿಗೆ ಒಂದನ್ನು ತೋರಿಸುತ್ತೇನೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾವ ಪ್ರಜೆಯೂ ಹತ್ತು ರೂಪಾಯಿ ಕಟ್ಟಿ ಕನ್ನಡದಲ್ಲೇ ಅರ್ಜಿ ಹಾಕಬಹುದು. ಮಾಹಿತಿ ಯಾಕೆ ಬೇಕು ಎಂದು ಹೇಳುವ ಅಗತ್ಯವಿಲ್ಲ. ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅದನ್ನು ಬರವಣಿಗೆಗೆ ಇಳಿಸಲು ಅಧಿಕಾರಿಯೇ ನೆರವಾಗಬೇಕು. 2008ರಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದಗಳನ್ನು ಮೀರಬಾರದು ಎಂದು ಮಾಡಿತು. ಪ್ರಜೆಗಳ ಬಾಯಿ ಕಟ್ಟುವ ಈ ಮಿತಿಯನ್ನು ನಾನು ವಿರೋಧಿಸುತ್ತೇನೆ. ಆದರೆ ಮೇಷ್ಟ್ರಾಗಿ ಹೇಳುವುದಾದರೆ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ನಿಮ್ಮ ಬೀದಿಯ ಚರಂಡಿಗೆ ಮಂಜೂರಾದ ಹಣ ಎಷ್ಟು, ಕೊಟ್ಟದ್ದು ಯಾರಿಗೆ, ಕೆಲಸ ಮುಗಿದಿದೆ ಎಂದು ಸಹಿ ಹಾಕಿದವರು ಯಾರು ಎಂಬುದನ್ನು ತಪ್ಪಿಸಿಕೊಳ್ಳಲು ಬಾರದಂತೆ 150 ಪದಗಳಲ್ಲಿ ಕೇಳಬೇಕು. 'ತಮ್ಮ ಘನ ಅವಗಾಹನೆಗೆ ತರಬಯಸುವುದೇನೆಂದರೆ' ಎಂದು ಶುರುಮಾಡಿದವನು ಅರ್ಜಿ ಮುಗಿಸುವ ಮೊದಲೇ ಪದಗಳು ಮುಗಿದಿರುತ್ತವೆ. ಸರಿಯಾಗಿ ಕೇಳಿದರೆ ಉತ್ತರ ಬರುತ್ತದೆ, ತಪ್ಪಾಗಿ ಕೇಳಿದರೆ 'ಸ್ಪಷ್ಟವಾಗಿಲ್ಲ' ಎಂದು ಹಿಂದೆ ಬರುತ್ತದೆ. ಅಂಕ ಹಾಕುವ ಕೆಲಸವೂ ನಮಗಿಲ್ಲ.

ಬ್ಯಾಂಕಿನ ದೂರುಗಳೂ ಹಾಗೆಯೇ. ಬ್ಯಾಂಕು ಮೂವತ್ತು ದಿನಗಳಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಆ ಮೂವತ್ತು ದಿನಗಳನ್ನು ಸಾಬೀತುಮಾಡಬೇಕಾದರೆ ಮೊದಲ ಪತ್ರದ ತಾರೀಖು ಬೇಕು. ಅಂಗಡಿಯವರು ಹೇಳಿದ ಸೀಲು ಇಲ್ಲಿ ಕೆಲಸಕ್ಕೆ ಬರುತ್ತದೆ.

ವ್ಯವಹಾರ ಪತ್ರವೆಂದರೆ ವ್ಯಾಪಾರಿ ವ್ಯಾಪಾರಿಗೆ ಬರೆಯುವುದು, ಅಧಿಕಾರಿಗಳ ಜೊತೆ ಗುದ್ದಾಡುವುದು ವಾಣಿಜ್ಯಶಾಸ್ತ್ರವಲ್ಲ ಎಂದು ಸಹೋದ್ಯೋಗಿಯೊಬ್ಬರು ನನಗೆ ತಿಳಿಹೇಳಿದರು. ಅವರು ಅತಿಥಿ ಉಪನ್ಯಾಸಕರು. 2023ರ ಕೊನೆಯಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ಸೇವೆ ಖಾಯಂ ಮಾಡಿ ಎಂದು ತರಗತಿ ಬಹಿಷ್ಕರಿಸಿ ಬೀದಿಗಿಳಿದಾಗ ಅವರೂ ಧರಣಿಯಲ್ಲಿ ಕೂತಿದ್ದರು. ಅಂದಿನ ಮನವಿಪತ್ರವನ್ನು ಬರೆದವರು ಅವರೇ, ಕನ್ನಡದಲ್ಲಿ, ಸೊಗಸಾಗಿ. ಎಷ್ಟು ವರ್ಷದ ಸೇವೆ, ಎಷ್ಟು ಗಂಟೆಯ ಪಾಠ, ಎಷ್ಟು ಸಂಬಳ, ಯಾವ ಆದೇಶ, ಏನು ಬೇಕು ಎಲ್ಲವೂ ಎರಡು ಪುಟಗಳಲ್ಲಿ ಇದ್ದವು. ಅದನ್ನು ತರಗತಿಗೆ ತೆಗೆದುಕೊಂಡು ಹೋಗಿ ಓದಿಸಿ ಎಂದರೆ ಅವರಿಗೆ ನಾಚಿಕೆ. ತನ್ನ ಬದುಕಿನ ಅತ್ಯುತ್ತಮ ವ್ಯವಹಾರ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಅವರು ಕರಿಹಲಗೆಯ ಮೇಲೆ ಕುರ್ಚಿಗಳನ್ನು ಎಣಿಸುತ್ತಾರೆ.

ಕಳೆದ ಸಲ ಪಠ್ಯಕ್ರಮ ಪರಿಷ್ಕರಣೆಯ ಸಭೆಗೆ ನನ್ನನ್ನೂ ಕರೆದಿದ್ದರು. ಪತ್ರಲೇಖನದ ಘಟಕದಲ್ಲಿ ಪ್ರತಿ ವಿದ್ಯಾರ್ಥಿ ತನ್ನ ಮನೆಯ ಅಥವಾ ಬೀದಿಯ ಒಂದು ನಿಜವಾದ ವ್ಯವಹಾರಕ್ಕೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪತ್ರ ಬರೆಯಲಿ, ಅದನ್ನು ಕಳಿಸಲಿ, ಬಂದ ಉತ್ತರವನ್ನೂ ಸೇರಿಸಿ ತರಲಿ, ಅದಕ್ಕೆ ಆಂತರಿಕ ಅಂಕ ಕೊಡೋಣ ಎಂದೆ. ಉತ್ತರ ಬಾರದಿದ್ದರೆ ಹೇಗೆ ಅಂಕ ಹಾಕುವುದು ಎಂದು ಒಬ್ಬರು ಕೇಳಿದರು. ಬಾರದಿದ್ದರೆ ಜ್ಞಾಪನ ಪತ್ರ ಬರೆಯುವುದೂ ಪಠ್ಯದಲ್ಲಿ ಇದೆಯಲ್ಲ ಎಂದೆ. ಇದಕ್ಕೆ ಪಠ್ಯಪುಸ್ತಕ ಎಲ್ಲಿದೆ ಎಂದು ಇನ್ನೊಬ್ಬರು ಕೇಳಿದರು. ಆ ಹುಡುಗಿಯಿಂದ ಕೇಳಿ ತಂದಿದ್ದ ಉತ್ತರದ ಜೆರಾಕ್ಸನ್ನು, ಹೆಸರು ವಿಳಾಸ ಮರೆಮಾಡಿ, ಮೇಜಿನ ಮೇಲೆ ಇಟ್ಟೆ. ಕೆಳಗಡೆ ಇಲಾಖೆಯ ಸೀಲು ನೀಲಿ ಶಾಯಿಯಲ್ಲಿ ಸ್ವಲ್ಪ ವಾರೆಯಾಗಿ ಬಿದ್ದಿತ್ತು. ಅದು ಕೈಯಿಂದ ಕೈಗೆ ದಾಟಿತು. ಚೆನ್ನಾಗಿದೆ ಎಂದರು. ಅಷ್ಟರಲ್ಲಿ ಚಹಾ ಬಂತು, ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಹೊಸ ಮಾದರಿ ಪ್ರಶ್ನೆಪತ್ರಿಕೆ ಈಗ ಕೈಸೇರಿದೆ. ಬದಲಾವಣೆ ಆಗಿಯೇ ಇಲ್ಲ ಎನ್ನುವಂತಿಲ್ಲ. ಡೆಲ್ಲಿಯ ಕಂಪೆನಿಗೆ ಇನ್ನು ಮುಂದೆ ಇ-ಮೇಲ್ ಮೂಲಕ ದೂರು ಕೊಡಬೇಕು. ಮುರಿದ ಕುರ್ಚಿಗಳು ಆರೇ ಇವೆ.